ಕಲ್ಲಿನ ಮುಂದೆ ಕುಳಿತ ತರಗತಿ

ಇತಿಹಾಸದ ಪಾಠ ಮಕ್ಕಳ ಕೈಸೇರುವ ಹೊತ್ತಿಗೆ ಅದರ ಅಡುಗೆಯೆಲ್ಲ ಮುಗಿದಿರುತ್ತದೆ. ಯಾರೋ ಶಾಸನ ಓದಿ, ಯಾರೋ ನಾಣ್ಯ ತೂಗಿ, ಇನ್ಯಾರೋ ಎರಡು ಬರಹಗಳನ್ನು ಎದುರುಬದುರು ಇಟ್ಟು ವಾದ ಮಾಡಿ ತಲುಪಿದ ತೀರ್ಮಾನ ಪಠ್ಯಪುಸ್ತಕದಲ್ಲಿ ಒಂದೇ ಸಾಲಾಗಿ ಕೂತಿರುತ್ತದೆ. ಹಲ್ಮಿಡಿ ಶಾಸನದ ಕಾಲ ಸುಮಾರು ಕ್ರಿ.ಶ. 450 ಎಂಬ ಸಾಲು ಅಂಥದ್ದು. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ ಆ ಕಲ್ಲಿನ ಮೇಲೆ 450 ಎಂದು ಎಲ್ಲೂ ಕೆತ್ತಿಲ್ಲ, ಇಸವಿಯೇ ಇಲ್ಲ. ಅದನ್ನು 1936ರಲ್ಲಿ ಬೆಳಕಿಗೆ ತಂದ ಎಂ.ಎಚ್. ಕೃಷ್ಣ ಮತ್ತು ಅವರ ನಂತರದ ವಿದ್ವಾಂಸರು ಅಕ್ಷರಗಳ ರೂಪ ನೋಡಿ, ಅದರಲ್ಲಿ ಬರುವ ಕದಂಬ ದೊರೆ ಕಾಕುಸ್ಥನ ಹೆಸರು ಹಿಡಿದು ಆ ಕಾಲವನ್ನು ಊಹಿಸಿದರು. ಇಸವಿ ಎಲ್ಲಿಂದ ಬಂತೆಂದು ಗೊತ್ತಿಲ್ಲದ ಮಗುವಿಗೆ ಅದನ್ನು ಬಾಯಿಪಾಠ ಮಾಡದೆ ಬೇರೆ ದಾರಿಯಿಲ್ಲ. ಚಟುವಟಿಕೆಯ ಮೂಲಕ ಇತಿಹಾಸ ಕಲಿಸುವುದೆಂದರೆ ಆ ಊಹೆಯ ಕೆಲಸದಲ್ಲಿ ಒಂದು ಪಾಲನ್ನು ಮಕ್ಕಳಿಗೆ ಬಿಟ್ಟುಕೊಡುವುದು. ಉತ್ತರ ಹೇಳುವ ಮೊದಲು ಸಾಕ್ಷಿಯನ್ನು ಅವರ ಮುಂದಿಡುವುದು.

ಈ ಮಾತನ್ನು ಬಿಡಿಸಿ ಹೇಳಬೇಕಾಗಿದೆ, ಏಕೆಂದರೆ ಚಟುವಟಿಕೆ ಎಂಬ ಹೆಸರಿನಲ್ಲಿ ಶಾಲೆಗಳಲ್ಲಿ ನಡೆಯುವುದೆಲ್ಲ ಈ ಬಗೆಯದಲ್ಲ. ಸ್ಟೇಷನರಿ ಅಂಗಡಿಯಿಂದ ರಾಜರ ಚಿತ್ರಗಳ ಹಾಳೆ ತಂದು ಕತ್ತರಿಸಿ ಅಂಟಿಸುವುದು, ಥರ್ಮಾಕೋಲಿನಲ್ಲಿ ಕೋಟೆ ಕಟ್ಟುವುದು, ಛದ್ಮವೇಷದಲ್ಲಿ ಕಿರೀಟ ತೊಟ್ಟು ನಾಲ್ಕು ಸಾಲು ಒಪ್ಪಿಸುವುದು ಎಲ್ಲವೂ ಚಟುವಟಿಕೆಯ ಲೆಕ್ಕಕ್ಕೆ ಸೇರುತ್ತವೆ. ಇವುಗಳಲ್ಲಿ ಕೈಗೆ ಕೆಲಸವಿದೆ, ತಲೆಗೆ ಇಲ್ಲ. ಥರ್ಮಾಕೋಲಿನ ಕೋಟೆಯಂತೂ ಬಹಳ ಸಲ ಅಪ್ಪನೋ ಅಕ್ಕನೋ ರಾತ್ರಿ ಕೂತು ಕಟ್ಟಿದ್ದು. ಅದೇ ಕೋಟೆಯ ಚಿತ್ರವನ್ನು ಮುಂದಿಟ್ಟು, ಬಾಗಿಲು ನೇರವಾಗಿರದೆ ಏಕೆ ಎರಡು ಮೂರು ಸಲ ತಿರುಗುತ್ತದೆ, ಕದಕ್ಕೆ ಕಬ್ಬಿಣದ ಮೊಳೆಗಳು ಅಷ್ಟು ಎತ್ತರದಲ್ಲಿ ಏಕಿವೆ ಎಂದು ಕೇಳಿದರೆ ಪಾಠ ಶುರುವಾಗುತ್ತದೆ. ಆನೆಯ ಹಣೆ ಎಷ್ಟು ಎತ್ತರದಲ್ಲಿರುತ್ತದೆ ಎಂದು ಯಾರಾದರೊಬ್ಬ ಹುಡುಗ ಯೋಚಿಸಿಯೇ ಯೋಚಿಸುತ್ತಾನೆ.

ಕರ್ನಾಟಕದ ಪ್ರಾಥಮಿಕ ಶಾಲೆಗಳಿಗೆ ಚಟುವಟಿಕೆ ಹೊಸದೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿಕಲಿ ಕೆಳಗಿನ ತರಗತಿಗಳನ್ನು ಕಾರ್ಡು, ಗುಂಪು, ಹಾಡುಗಳಿಂದ ತುಂಬಿತು. ಆದರೆ ಇತಿಹಾಸ ಒಂದು ಪಾಠವಾಗಿ ಗಟ್ಟಿಯಾಗಿ ಕಾಲೂರುವುದು ಆರನೆಯ ತರಗತಿಯ ಆಸುಪಾಸಿನಲ್ಲಿ. ಮಕ್ಕಳು ಸಾಲುಬೆಂಚಿಗೆ ಮರಳುವುದೂ ಅದೇ ಹೊತ್ತಿಗೆ. ಹತ್ತರಿಂದ ಹದಿನಾಲ್ಕರ ಈ ವಯಸ್ಸು ಪತ್ತೇದಾರಿಕೆಗೆ ಹೇಳಿಮಾಡಿಸಿದ್ದು. ಕಳೆದುಹೋದ ಪೆನ್ಸಿಲ್ ಯಾರ ಚೀಲದಲ್ಲಿದೆ ಎಂದು ಸುಳಿವು ಹಿಡಿದು ಕಂಡುಹಿಡಿಯುವ ಮಕ್ಕಳೇ ಇತಿಹಾಸದ ಪೀರಿಯಡ್ಡಿನಲ್ಲಿ ಬಿಟ್ಟ ಸ್ಥಳ ತುಂಬುತ್ತಾ ಕೂರುತ್ತಾರೆ.

ಮೊದಲ ತೊಡಕು ಕಾಲದ್ದು. ಹನ್ನೊಂದು ವರ್ಷದ ಮಗುವಿಗೆ ಅಜ್ಜಿಯ ಬಾಲ್ಯವೇ ಬಹಳ ಹಿಂದಿನದು. ಅದಕ್ಕಿಂತ ಹಿಂದಿನದೆಲ್ಲ ಒಂದೇ ರಾಶಿ. ಅಶೋಕ, ಪುಲಕೇಶಿ, ಟಿಪ್ಪು ಮೂವರೂ ಅಲ್ಲಿ ನೆರೆಹೊರೆಯವರು. ಇದಕ್ಕೆ ಒಂದು ಉದ್ದನೆಯ ಹಗ್ಗ ಸಾಕು. 100 ವರ್ಷಕ್ಕೆ ಒಂದು ಮೀಟರ್ ಎಂದು ಅಳತೆ ಇಟ್ಟುಕೊಂಡು, ಹಗ್ಗದ ಒಂದು ತುದಿಯ ಹತ್ತಿರ 2000ನೇ ಇಸವಿಗೆ ಗಂಟು ಹಾಕುವುದು. ಅಲ್ಲಿಂದ ಹಿಂದಕ್ಕೆ ಅಳೆದರೆ ಕರ್ನಾಟಕ ಏಕೀಕರಣ (1956) ಸುಮಾರು ಒಂದು ಮೊಳದ ದೂರದಲ್ಲಿ ಬರುತ್ತದೆ. ಶ್ರೀರಂಗಪಟ್ಟಣದ ಪತನ (1799) ಎರಡು ಮೀಟರಿಗೆ, ರಕ್ಕಸತಂಗಡಿ ಕಾಳಗ (1565) ನಾಲ್ಕೂಕಾಲಿಗಿಂತ ತುಸು ಮುಂದೆ, ವಿಜಯನಗರದ ಸ್ಥಾಪನೆ (1336) ಆರೂವರೆ ದಾಟಿ. ಹಲ್ಮಿಡಿಗೆ ಹದಿನೈದೂವರೆ ಮೀಟರ್ ನಡೆಯಬೇಕು, ಅಷ್ಟರಲ್ಲಿ ಶಾಲೆಯ ಜಗಲಿ ಮುಗಿದಿರುತ್ತದೆ. ಅಶೋಕನ ಶಾಸನಗಳಿಗೆ ಇಪ್ಪತ್ತೆರಡೂವರೆ ಮೀಟರ್ ಬೇಕು, ಹಗ್ಗ ಹಿಡಿದವನು ಆಟದ ಮೈದಾನದಲ್ಲಿ ನಿಂತಿರುತ್ತಾನೆ. ಮಕ್ಕಳ ಸ್ವಂತ ಹುಟ್ಟಿದ ವರ್ಷ 2000ದ ಗಂಟಿನಿಂದ ಈಚೆಗೆ ಒಂದು ಗೇಣಿನೊಳಗೆ ಬಂದುಬಿಡುತ್ತದೆ.

ಈ ಹಗ್ಗದಲ್ಲಿ ಗಂಟುಗಳಷ್ಟೇ ಮುಖ್ಯವಾದದ್ದು ಖಾಲಿ ಜಾಗ. ಅಶೋಕನಿಂದ ಹಲ್ಮಿಡಿಯವರೆಗೆ ಏಳು ಮೀಟರ್ ಇದೆ, ವಿಜಯನಗರದ ಸ್ಥಾಪನೆಯಿಂದ ಇಂದಿನವರೆಗಿನ ದೂರವೂ ಹೆಚ್ಚುಕಡಿಮೆ ಅಷ್ಟೇ. ಪುಸ್ತಕದಲ್ಲಿ ಮಾತ್ರ ಮೊದಲನೆಯದಕ್ಕೆ ಕೆಲವು ಪುಟ, ಎರಡನೆಯದಕ್ಕೆ ಅಧ್ಯಾಯದ ಮೇಲೆ ಅಧ್ಯಾಯ. ಏಕೆ ಎಂಬ ಪ್ರಶ್ನೆ ಮಕ್ಕಳಿಂದಲೇ ಬರುತ್ತದೆ. ಕ್ರಿಸ್ತಪೂರ್ವದ ಇಸವಿಗಳು ಹಿಂದೆ ಹೋದಂತೆ ದೊಡ್ಡದಾಗುವ ವಿಚಿತ್ರವೂ ಹಲಗೆಗಿಂತ ಹಗ್ಗದ ಮೇಲೆ ಬೇಗ ಅರ್ಥವಾಗುತ್ತದೆ. ನಡುವೆ ಸೊನ್ನೆ ಎಂಬ ವರ್ಷ ಇಲ್ಲವೆಂದು ಹೇಳಿದಾಗ ಗಣಿತದಲ್ಲಿ ಚುರುಕಾದವರು ಒಪ್ಪುವುದಿಲ್ಲ. ಅವರೊಡನೆ ಐದು ನಿಮಿಷ ವಾದಿಸುವುದಕ್ಕೆ ಪೀರಿಯಡ್ಡಿನಲ್ಲಿ ಜಾಗ ಇಟ್ಟುಕೊಂಡಿರಬೇಕು.

ಕಾಲದ ನಂತರ ಸಾಕ್ಷಿ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ 1972ರಲ್ಲಿ ಡೇವಿಡ್ ಸಿಲ್ವೆಸ್ಟರ್ ಅವರ ನೇತೃತ್ವದಲ್ಲಿ ಶುರುವಾದ ಶಾಲಾ ಇತಿಹಾಸದ ಯೋಜನೆಯೊಂದು ಮಕ್ಕಳಿಗೆ ಮೊದಲು ಕೊಟ್ಟದ್ದು ರಾಜವಂಶಗಳ ಪಟ್ಟಿಯನ್ನಲ್ಲ, ಒಂದು ಪರ್ಸನ್ನು. ಅಪಘಾತದಲ್ಲಿ ಸತ್ತ ಮಾರ್ಕ್ ಪುಲೆನ್ ಎಂಬ ಕಲ್ಪಿತ ತರುಣನ ಜೇಬಿನಲ್ಲಿದ್ದ ಟಿಕೆಟ್ಟು, ರಸೀದಿ ಮುಂತಾದ ಚೀಟಿಗಳನ್ನು ನೋಡಿ ಅವನು ಯಾರು, ಎಲ್ಲಿಂದ ಬರುತ್ತಿದ್ದ, ಏನಾಗಿರಬಹುದು ಎಂದು ಮಕ್ಕಳು ಜೋಡಿಸಬೇಕಿತ್ತು. ಎಲ್ಲ ಗುಂಪುಗಳೂ ಒಂದೇ ಕಥೆಗೆ ಬರುವುದಿಲ್ಲ. ಒಂದು ಚೀಟಿಯಿಂದ ಏನು ಹೇಳಬಹುದು, ಏನು ಹೇಳಲಾಗದು ಎಂಬ ಗೆರೆ ಅಲ್ಲೇ ಮೂಡುತ್ತದೆ.

ಇಲ್ಲಿನ ತರಗತಿಗೆ ಇದನ್ನು ತರಲು ಕಲ್ಪಿತ ಪರ್ಸೂ ಬೇಕಿಲ್ಲ. ಬಸ್ ಟಿಕೆಟ್, ರೇಷನ್ ಅಂಗಡಿಯ ಚೀಟಿ, ಜಾತ್ರೆಯ ಹರಕೆ ರಸೀದಿ, ಮದುವೆಯ ಕರೆಯೋಲೆ ಇಂಥ ಹತ್ತು ವಸ್ತುಗಳನ್ನು ಒಂದು ಕೈಚೀಲಕ್ಕೆ ತುಂಬಿ ಕೊಟ್ಟರೆ ಸಾಕು. ಮುಂದಿನ ವಾರ ಮನೆಯಿಂದ ಹಳೆಯ ವಸ್ತು ತರಲು ಹೇಳಬಹುದು. ಅಟ್ಟದ ಮೇಲಿನ ಸೇರು, ಪಾವು, ಚಟಾಕು ಇಳಿದು ಬರುತ್ತವೆ. ಒಬ್ಬರ ಮನೆಯಿಂದ ಎರಡಾಣೆ ಬರುತ್ತದೆ. ರೂಪಾಯಿಗೆ ಹದಿನಾರು ಆಣೆ ಇದ್ದದ್ದು 1957ರ ಏಪ್ರಿಲ್ 1ರಿಂದ ನೂರು ನಯಾಪೈಸೆಯಾಯಿತು. ಆಣೆಯ ಲೆಕ್ಕದಲ್ಲಿ ಒಂದು ಸಂತೆ ಮಾಡಿಸಿದರೆ ನಾಲ್ಕಾಣೆ, ಎಂಟಾಣೆ ಎಂಬ ಮಾತುಗಳು 25 ಮತ್ತು 50 ಪೈಸೆಗೆ ಏಕೆ ಅಂಟಿಕೊಂಡು ಉಳಿದವೆಂದು ಗೊತ್ತಾಗುತ್ತದೆ. ನಾಣ್ಯದ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಅಚ್ಚು ಮೂಡುವ ಆಟ ಎಲ್ಲ ಮಕ್ಕಳಿಗೂ ಗೊತ್ತು. ಶಾಸನತಜ್ಞರು ಕಲ್ಲಿನ ಮೇಲೆ ಒದ್ದೆ ಕಾಗದ ಹರಡಿ, ಬ್ರಷ್ಷಿನಿಂದ ಬಡಿದು, ಮಸಿ ಹಚ್ಚಿ ಪಡಿಯಚ್ಚು ತೆಗೆಯುವುದು ಅದರದೇ ದೊಡ್ಡಣ್ಣ.

ಇತಿಹಾಸ ಕಲಿಸುವವರಿಗೆ ಕರ್ನಾಟಕದಲ್ಲಿ ಪುಕ್ಕಟೆ ಸಿಗುವ ದೊಡ್ಡ ಸಂಪತ್ತು ವೀರಗಲ್ಲು. ಹಳೆಯ ಊರುಗಳ ಪೈಕಿ ಒಂದಾದರೂ ಇಲ್ಲದ್ದು ಕಡಿಮೆ. ಕೆರೆಯ ಏರಿಯ ಮೇಲೆ, ದೇವಸ್ಥಾನದ ಹಿಂದೆ, ಹೊಲದ ಬದುವಿನಲ್ಲಿ ಅರ್ಧ ಹೂತು ನಿಂತಿರುತ್ತದೆ. ಕೆಲವಕ್ಕೆ ಎಣ್ಣೆ, ಅರಿಶಿನ ಬಿದ್ದು ಅವು ಯಾವುದೋ ದೇವರಾಗಿವೆ. ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ. ಪಠ್ಯಪುಸ್ತಕದಲ್ಲಿ ಅರಸರು ತುಂಬಿದ್ದಾರೆ, ಈ ಕಲ್ಲುಗಳ ಮೇಲಿರುವವರು ಹೆಚ್ಚಿನಂಶ ಅರಸರಲ್ಲ. ದನ ಕಾಯಲು ಹೋಗಿ ಸತ್ತವರು, ಊರು ಉಳಿಸಲು ಹೋಗಿ ಸತ್ತವರು, ಹುಲಿಯೊಡನೆಯೋ ಹಂದಿಯೊಡನೆಯೋ ಹೋರಾಡಿ ಸತ್ತವರು.

ವೀರಗಲ್ಲನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವಣದರಲ್ಲಿ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಿರುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕುಳಿತಿರುತ್ತಾನೆ. ತುದಿಯಲ್ಲಿ ಸೂರ್ಯ ಚಂದ್ರರು, ಅವರು ಇರುವವರೆಗೆ ಈ ಹೆಸರೂ ಇರಲಿ ಎಂಬ ಗುರುತಿಗೆ. ಇಷ್ಟನ್ನೂ ಶಿಕ್ಷಕರು ಮೊದಲೇ ಹೇಳಿಬಿಟ್ಟರೆ ಚಟುವಟಿಕೆ ಅಲ್ಲಿಗೆ ಮುಗಿಯಿತು. ಮಕ್ಕಳನ್ನು ನಾಲ್ಕೈದು ಜನರ ಗುಂಪು ಮಾಡಿ ಕಲ್ಲಿನ ಮುಂದೆ ಕೂರಿಸಿ, ಹತ್ತು ನಿಮಿಷ ಏನನ್ನೂ ಕೇಳದೆ ಕಂಡದ್ದನ್ನು ಕಂಡಂತೆ ಬರೆಯಲು ಬಿಡುವುದು ಮೇಲು. ಪುಟದ ನಡುವೆ ಒಂದು ಗೆರೆ ಎಳೆದು, ಎಡಕ್ಕೆ ಕಂಡದ್ದು, ಬಲಕ್ಕೆ ಅನ್ನಿಸಿದ್ದು. ‘ಕೈಯಲ್ಲಿ ಬಿಲ್ಲು ಇದೆ’ ಎಡಕ್ಕೆ ಹೋಗುತ್ತದೆ. ‘ಇವನು ಸೈನಿಕ’ ಬಲಕ್ಕೆ. ಈ ಎರಡನ್ನೂ ಬೇರೆ ಇಡುವುದು ಮಕ್ಕಳಿಗೆ ಮಾತ್ರವಲ್ಲ, ದೊಡ್ಡವರಿಗೂ ಸುಲಭವಲ್ಲ. ಮೂಲೆಯಲ್ಲಿ ಹಸುಗಳು ಕಾಣಿಸಿದರೆ ಕಥೆಯೇ ಬದಲಾಗುತ್ತದೆ. ದನ ಹೊಡೆದುಕೊಂಡು ಹೋಗುವುದಕ್ಕೆ ಶಾಸನಗಳಲ್ಲಿ ತುರುಗೋಳ್ ಎಂಬ ಮಾತಿದೆ. ಆಗ ಬಲಗಡೆಯ ‘ಸೈನಿಕ’ನನ್ನು ಅಳಿಸಿ ‘ದನ ಕಾಯುವವನೂ ಇರಬಹುದು’ ಎಂದು ತಿದ್ದಬೇಕಾಗುತ್ತದೆ. ಹತ್ತಿರದಲ್ಲಿ ಬಳೆ ತೊಟ್ಟ ಕೈಯೊಂದು ಮೇಲೆದ್ದಿರುವ ಮಾಸ್ತಿಕಲ್ಲು ಇದ್ದರೆ ಅದರ ಮುಂದೆ ಮಾತು ಬೇರೆ ತೂಕದಲ್ಲಿ ನಡೆಯಬೇಕು. ಅದರಲ್ಲಿ ಸಾಹಸದ ಕಥೆ ಹುಡುಕಲು ಹೋಗಬಾರದು.

ಬರಹವಿರುವ ಕಲ್ಲುಗಳಲ್ಲಿ ಮಕ್ಕಳು ಮರೆಯದೇ ಇರುವಂಥದ್ದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನದು. ಅದರ ಕಾಲ 949–50. ಗಂಗರ ಬೂತುಗನ ಬಂಟ ಮಣಲೇರ ತಕ್ಕೋಲದ ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಒಡೆಯ ಮೆಚ್ಚಿ, ಬೇಕಾದ್ದು ಕೇಳೆಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಕಾಡುಹಂದಿಯೊಂದನ್ನು ಎದುರಿಸಿತು, ಎರಡೂ ಸತ್ತವು. ನಾಯಿಗೊಂದು ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿ ಮತ್ತು ಹಂದಿಯ ಹೋರಾಟ ಕೆತ್ತಿದ್ದಾರೆ, ಅದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ, ಚೋಳರ ರಾಜಾದಿತ್ಯ, ಅವರ ನಡುವಿನ ತಕ್ಕೋಲದ ಯುದ್ಧ ಇವೆಲ್ಲ ದಕ್ಷಿಣ ಭಾರತದ ಇತಿಹಾಸಕ್ಕೆ ದೊಡ್ಡ ಸಂಗತಿಗಳು. ಆದರೆ ಅವನ್ನು ನೆನಪಿನಲ್ಲಿ ಹಿಡಿದಿಡುವ ಗೂಟ ಆ ನಾಯಿ. ಬಹುಮಾನವಾಗಿ ಊರನ್ನು ಕೇಳಬಹುದಾಗಿದ್ದವನು ನಾಯಿಯನ್ನೇಕೆ ಕೇಳಿದ ಎಂಬ ಒಂದೇ ಪ್ರಶ್ನೆಯ ಮೇಲೆ ತರಗತಿ ಅರ್ಧ ಗಂಟೆ ಮಾತಾಡಬಲ್ಲದು.

ನಗರದ ಮಕ್ಕಳಿಗೆ ಊರಿನ ಕಲ್ಲು ಎಲ್ಲಿ ಎಂದು ಕೇಳುವುದುಂಟು. ಬೆಂಗಳೂರಿನ ಬೇಗೂರಿನಲ್ಲಿ ಸುಮಾರು 890ರ ವೀರಗಲ್ಲಿದೆ, ಬೆಂಗಳೂರಿನ ಕಾಳಗ ಎಂಬ ಮಾತು ಅದರಲ್ಲಿ ಬರುತ್ತದೆ. ಹೆಬ್ಬಾಳದಲ್ಲಿ 2018ರಲ್ಲಿ ಮತ್ತೆ ಗುರುತಿಸಿದ ಕಿತ್ತಯ್ಯನ ಕಲ್ಲು ಎಂಟನೆಯ ಶತಮಾನದ್ದು. ಬೆಂಗಳೂರಿನ ಹೆಸರು ಬೆಂದ ಕಾಳಿನಿಂದ ಬಂತೆಂಬ ಬೆಂದಕಾಳೂರಿನ ಕಥೆ ಕೇಳಿ ಬೆಳೆದ ಮಗು ಬೇಗೂರಿನ ಕಲ್ಲು ನೋಡಿದ ಮೇಲೆ, ಆ ಕಥೆ ಹೇಳುವ ಕಾಲಕ್ಕೂ ಕಲ್ಲಿನ ಕಾಲಕ್ಕೂ ಹಗ್ಗದ ಮೇಲೆ ಎಷ್ಟು ಅಂತರವಿದೆ ಎಂದು ತಾನೇ ಅಳೆಯಬಹುದು. ಹೆಸರುಗಳೂ ಸಾಕ್ಷಿಯೇ. ಬೊಮ್ಮಸಂದ್ರ, ಸಿಂಗಸಂದ್ರಗಳ ಕೊನೆಯಲ್ಲಿರುವ ಸಂದ್ರ ‘ಸಮುದ್ರ’ದ ಸವೆದ ರೂಪ. ಸಮುದ್ರವೆಂದರೆ ಇಲ್ಲಿ ಕೆರೆ. ನಕಾಶೆಯ ಮೇಲೆ ಸಂದ್ರಗಳಿಗೆಲ್ಲ ಸುತ್ತುಹಾಕಿ, ಆ ಕೆರೆಗಳಲ್ಲಿ ಎಷ್ಟು ಉಳಿದಿವೆ ಎಂದು ಹುಡುಕುವುದು ಒಂದು ಶನಿವಾರದ ಕೆಲಸ.

ಕಲ್ಲಿನ ಬಳಿ ಹೋಗುವಾಗ ಒಂದು ಎಚ್ಚರಿಕೆ ಬೇಕು. ಅಕ್ಷರ ಕಾಣಲಿ ಎಂದು ಸೀಮೆಸುಣ್ಣ ತುಂಬುವುದು, ಚಾಕುವಿನಿಂದ ಪಾಚಿ ಕೆರೆಯುವುದು ಕಲ್ಲಿಗೆ ಹಾನಿ. ಇಳಿಬಿಸಿಲಿನ ಹೊತ್ತಿನಲ್ಲಿ ಹೋದರೆ ನೆರಳು ಬಿದ್ದು ಕೆತ್ತನೆ ತಾನಾಗಿ ಎದ್ದು ಕಾಣುತ್ತದೆ. ಪೂಜೆಗೊಳ್ಳುವ ಕಲ್ಲಾದರೆ ಊರವರನ್ನು ಕೇಳಿಯೇ ಹೋಗಬೇಕು. ಅವರು ಹೇಳುವ ಕಥೆಯನ್ನೂ ಬರೆದುಕೊಳ್ಳಬೇಕು. ಕಲ್ಲಿನ ಬರಹಕ್ಕೂ ಊರಿನ ಕಥೆಗೂ ಹೊಂದದಿದ್ದರೆ ತರಗತಿಗೆ ಇನ್ನೊಂದು ಒಳ್ಳೆಯ ಗಂಟು ಸಿಕ್ಕಂತೆ.

ಹೊರಗೆ ಹೋಗಲಾಗದ ಮಳೆಗಾಲಕ್ಕೆ ಲಿಪಿಯ ಒಗಟು ಚೆನ್ನ. ಅಶೋಕನ ಬ್ರಾಹ್ಮಿಯನ್ನು ಓದಬಲ್ಲವರು ನೂರಾರು ವರ್ಷ ಯಾರೂ ಇರಲಿಲ್ಲ. ಸಾಂಚಿಯ ಕಟಾಂಜನದ ಮೇಲಿನ ಚಿಕ್ಕ ಚಿಕ್ಕ ಬರಹಗಳ ನಕಲುಗಳನ್ನು ನೋಡುತ್ತಿದ್ದ ಬ್ರಿಟಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್‌ಗೆ ಅವು ಬಹುತೇಕ ಒಂದೇ ಅಕ್ಷರಗಳಿಂದ ಮುಗಿಯುವುದು ಕಂಡಿತು. ಗುಡಿಗೆ ಕಲ್ಲು ಕೊಟ್ಟವರು ಕೊನೆಯಲ್ಲಿ ಏನು ಬರೆಸುತ್ತಾರೆ? ‘ದಾನಂ’ ಎಂದಿರಬೇಕು ಎಂದು ಅವನು ಊಹಿಸಿದ. 1837ರಲ್ಲಿ ಬೀಗ ತೆರೆಯಿತು. ಇಲ್ಲಿನ ಯಾವ ದೇವಸ್ಥಾನದಲ್ಲಾದರೂ ಫ್ಯಾನು, ಗಂಟೆ, ಬೆಂಚುಗಳ ಮೇಲೆ ದಾನಿಗಳ ಹೆಸರು ನೋಡಿ ಬೆಳೆದ ಮಗುವಿಗೆ ಈ ಊಹೆ ಹೊಳೆಯದೇ ಇರದು. ಶಿಕ್ಷಕರು ಕನ್ನಡದ ಅಕ್ಷರಗಳಿಗೆ ಬದಲಾಗಿ ಗುರುತುಗಳನ್ನಿಟ್ಟು ‘ಇಂಥವರ ಸೇವೆ’ ಎಂದು ಮುಗಿಯುವ ಎಂಟು ಹತ್ತು ಸಾಲು ಬರೆದುಕೊಟ್ಟರೆ ತರಗತಿ ಪ್ರಿನ್ಸೆಪ್ ನಡೆದ ದಾರಿಯಲ್ಲಿ ನಡೆಯುತ್ತದೆ. ಒಗಟು ಬಿಡಿಸಿದ ಮೇಲೆ ಕಥೆಯ ಎರಡನೆಯ ಕಂತು. ಓದಲು ಬಂದ ಶಾಸನಗಳಲ್ಲಿ ದೇವಾನಂಪಿಯ, ಪಿಯದಸಿ ಎಂಬ ಬಿರುದುಗಳಿದ್ದವೇ ಹೊರತು ಅಶೋಕ ಎಂದಿರಲಿಲ್ಲ. ಸಿಂಹಳದ ಗ್ರಂಥಗಳ ಆಧಾರದಿಂದ ಅದು ಅಶೋಕನೇ ಎಂದು ವಿದ್ವಾಂಸರು ಹೇಳುತ್ತಿದ್ದರು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನಿಗೆ ಸಿಕ್ಕ ಬಂಡೆಯ ಮೇಲೆ ದೇವಾನಂಪಿಯ ಎಂಬ ಬಿರುದಿನ ಜೊತೆಗೇ ಅಶೋಕನ ಹೆಸರಿತ್ತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಶಾಸನಗಳನ್ನು 1892ರಲ್ಲಿ ಬೆಳಕಿಗೆ ತಂದವರು ಶಾಸನತಜ್ಞ ಬಿ.ಎಲ್. ರೈಸ್. ಅವುಗಳ ಕೊನೆಯಲ್ಲಿ ಚಪಡ ಎಂಬ ಲಿಪಿಕಾರನ ಹೆಸರಿದೆ. ತನ್ನ ಕಸುಬನ್ನು ಹೇಳುವ ಮಾತನ್ನು ಅವನು ಬರೆದದ್ದು ಬಲದಿಂದ ಎಡಕ್ಕೆ ಸಾಗುವ, ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ. ಅವನು ಎಲ್ಲಿಯವನು, ಚಿತ್ರದುರ್ಗದ ಕಡೆಗೆ ಹೇಗೆ ಬಂದ, ಇಲ್ಲಿ ಯಾರೂ ಓದಲಾಗದ ಲಿಪಿಯಲ್ಲಿ ಏಕೆ ಸಹಿ ಹಾಕಿದ? ಕೊನೆಯ ಪ್ರಶ್ನೆಗೆ ಮಕ್ಕಳು ಕೊಡುವ ಉತ್ತರ ಬೆಂಚಿನ ಮೇಲೆ ಹೆಸರು ಕೊರೆದ ಅನುಭವದಿಂದ ಬರುತ್ತದೆ. ಅದನ್ನು ತಪ್ಪೆಂದು ಹೇಳಲು ವಿದ್ವಾಂಸರಿಗೂ ಆಧಾರವಿಲ್ಲ.

ಸಾಕ್ಷಿಗಳು ಒಂದಕ್ಕೊಂದು ವಿರುದ್ಧ ಹೇಳಿದಾಗ ಏನು ಮಾಡಬೇಕೆಂಬುದು ಮುಂದಿನ ಮೆಟ್ಟಿಲು. ಅಮೆರಿಕದ ಸ್ಯಾಮ್ ವೈನ್‌ಬರ್ಗ್ 1991ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಎಂಟು ಇತಿಹಾಸಕಾರರಿಗೂ ಎಂಟು ಹೈಸ್ಕೂಲು ವಿದ್ಯಾರ್ಥಿಗಳಿಗೂ 1775ರ ಲೆಕ್ಸಿಂಗ್ಟನ್ ಕದನದ ಕುರಿತ ಅವೇ ದಾಖಲೆಗಳನ್ನು ಕೊಟ್ಟರು. ಆ ಕಾಲದ ಬಗ್ಗೆ ಕೆಲವು ವಿದ್ಯಾರ್ಥಿಗಳಿಗೆ ಗೊತ್ತಿದ್ದ ವಿವರ ಕೆಲವು ಇತಿಹಾಸಕಾರರಿಗೆ ಗೊತ್ತಿರಲಿಲ್ಲ, ಅವರ ಪರಿಣತಿ ಬೇರೆ ದೇಶಕಾಲಗಳದ್ದು. ಆದರೂ ಓದುವ ರೀತಿಯಲ್ಲಿ ಅಜಗಜಾಂತರ. ಇತಿಹಾಸಕಾರರು ಮೊದಲು ಬರೆದವರು ಯಾರು, ಯಾವಾಗ, ಯಾರಿಗಾಗಿ ಎಂದು ನೋಡಿ ಆಮೇಲೆ ಓದಿದರು. ವಿದ್ಯಾರ್ಥಿಗಳು ಮೊದಲ ಪದದಿಂದ ಕೊನೆಯ ಪದಕ್ಕೆ ಹೋದರು, ಪಠ್ಯಪುಸ್ತಕದ ತುಣುಕನ್ನೇ ಹೆಚ್ಚು ನಂಬಿದರು.

ಇದನ್ನು ಕಲಿಸಲು ಹಳೆಯ ಉಪಾಯವೊಂದಿದೆ. ಇಬ್ಬರು ಮಕ್ಕಳಿಗೆ ಗುಟ್ಟಾಗಿ ಹೇಳಿಕೊಟ್ಟು, ಪಾಠದ ನಡುವೆ ಒಂದು ಚಿಕ್ಕ ಜಗಳ ಮಾಡಿಸುವುದು. ಕೂಡಲೇ ಉಳಿದವರೆಲ್ಲ ಕಂಡದ್ದನ್ನು ಬರೆಯಬೇಕು. ಮೊದಲು ಯಾರು ದೂಡಿದರು, ಯಾರು ಏನೆಂದರು ಎಂಬುದಕ್ಕೆ ನಲವತ್ತು ಮಕ್ಕಳಿಂದ ಹತ್ತಾರು ಬಗೆಯ ಉತ್ತರ ಬರುತ್ತದೆ. ಹಿಂದಿನ ಬೆಂಚಿನವರು ಕೇಳಿಸಿದ್ದನ್ನು ಬರೆದಿರುತ್ತಾರೆ, ಗೆಳೆಯರು ಗೆಳೆಯನ ಪರ ಬರೆದಿರುತ್ತಾರೆ. ಆ ಕಾಗದಗಳು ಕೈಯಲ್ಲಿರುವಾಗಲೇ ವಿಜಯನಗರ ಸೋತ ರಕ್ಕಸತಂಗಡಿಯ ಕಾಳಗಕ್ಕೆ ಹೋಗಬೇಕು. ಯುದ್ಧ ಮುಗಿದು ಎರಡು ವರ್ಷಕ್ಕೆ, 1567ರಲ್ಲಿ, ಹಾಳುಬಿದ್ದ ವಿಜಯನಗರದಲ್ಲಿ ತಿಂಗಳುಗಟ್ಟಲೆ ಉಳಿದ ವೆನಿಸ್ಸಿನ ವ್ಯಾಪಾರಿ ಚೆಸಾರೆ ಫೆಡೆರಿಚಿ, ವಿಜಯನಗರದ ರಾಮರಾಯನ ಪಡೆಯಲ್ಲಿದ್ದ ಇಬ್ಬರು ಸೇನಾಪತಿಗಳು ಪಕ್ಷ ಬಿಟ್ಟದ್ದೇ ಸೋಲಿಗೆ ಕಾರಣವೆಂದು ಬರೆದ. ಕೆಲವು ದಶಕಗಳ ನಂತರ ಬಿಜಾಪುರದ ಆಸ್ಥಾನದಲ್ಲಿ ಇತಿಹಾಸ ಬರೆದ ಫೆರಿಶ್ತಾನ ಒತ್ತು ರಾಮರಾಯ ಸೆರೆಸಿಕ್ಕಿ ತಲೆ ಕಳೆದುಕೊಂಡದ್ದರ ಮೇಲೆ. ಒಬ್ಬ ಊರಿಗೆ ಬಂದವನು, ಇನ್ನೊಬ್ಬ ಗೆದ್ದವರ ಆಶ್ರಯದಲ್ಲಿದ್ದವನು. ಯುದ್ಧಭೂಮಿಯಲ್ಲಿ ಇಬ್ಬರೂ ಇರಲಿಲ್ಲ. ಇವರಲ್ಲಿ ಯಾರು ಸರಿ ಎಂದು ಕೈ ಎತ್ತಿಸಿ ಮತ ಹಾಕಿಸುವುದು ತಪ್ಪು ದಾರಿ. ಯಾರ ಯಾವ ಮಾತನ್ನು ಎಷ್ಟರಮಟ್ಟಿಗೆ ಒಪ್ಪಬಹುದು ಎಂದು ಬರೆಸುವುದು ಸರಿ.

ನಾಟಕದ ವಿಷಯದಲ್ಲಿ ಶಿಕ್ಷಕರ ಉತ್ಸಾಹ ಹೆಚ್ಚು, ಅಪಾಯವೂ ಹೆಚ್ಚು. 1824ರ ಕಿತ್ತೂರಿನ ದಂಗೆಯನ್ನು ಆಡುವಾಗ ರಾಣಿ ಚೆನ್ನಮ್ಮನ ಪಾತ್ರಕ್ಕೆ ಎಲ್ಲರೂ ಮುಗಿಬೀಳುತ್ತಾರೆ. ಧಾರವಾಡದ ಕಲೆಕ್ಟರ್ ಥ್ಯಾಕರೆ ಆಗಲು ಯಾರಿಗೂ ಮನಸ್ಸಿಲ್ಲ. ಪಾಠಕ್ಕೆ ಬೇಕಾದದ್ದು ಥ್ಯಾಕರೆಯೇ. ದತ್ತು ಮಗನಿಗೆ ರಾಜ್ಯವಿಲ್ಲ ಎಂದು ಈಸ್ಟ್ ಇಂಡಿಯಾ ಕಂಪನಿ ಯಾವ ನೆಪದಿಂದ ಹೇಳಿತು, ಬೊಕ್ಕಸಕ್ಕೆ ಏಕೆ ಮುದ್ರೆ ಹಾಕಿಸಿತು ಎಂದು ಆ ಪಾತ್ರದವನು ವಾದಿಸಲಾಗದಿದ್ದರೆ ನಾಟಕ ಬರಿಯ ಘೋಷಣೆಯಾಗುತ್ತದೆ. ಬಾಯಿಗೆ ಬಂದದ್ದನ್ನು ಆಡುವ ಬದಲು, ಪ್ರತಿಯೊಂದು ಮಾತಿಗೂ ಇದು ನಿನಗೆ ಹೇಗೆ ಗೊತ್ತು ಎಂದು ಸಭೆಯಿಂದ ಯಾರಾದರೂ ಕೇಳಬಹುದೆಂಬ ನಿಯಮವಿಟ್ಟರೆ ಪಾತ್ರಧಾರಿಗಳು ಮೊದಲೇ ಓದಿಕೊಂಡು ಬರುತ್ತಾರೆ. ಇನ್ನೂ ಒಂದು ಮಿತಿಯಿದೆ. ಅಸ್ಪೃಶ್ಯತೆ, ಜೀತ, ಕೊಲೆಗಳನ್ನು ಮಕ್ಕಳಿಂದ ಆಡಿಸಬಾರದು. ತರಗತಿಯಲ್ಲೇ ಕುಳಿತ ಯಾವ ಮಗುವಿನ ಮನೆಯಲ್ಲಿ ಅದು ನಿನ್ನೆ ಮೊನ್ನೆಯ ಸಂಗತಿಯೋ ಹೇಳಲಾಗದು. ಅಂಥ ವಿಷಯಕ್ಕೆ ದಾಖಲೆ ಓದುವುದು, ಪತ್ರ ಬರೆಯುವುದು ಸಾಕು.

ಹಿಂದಿನವರು ದಡ್ಡರು ಎಂಬ ಭಾವನೆ ಮಕ್ಕಳಲ್ಲಿ ಬಲವಾಗಿರುತ್ತದೆ. ಇಂಗ್ಲೆಂಡಿನಲ್ಲಿ 7ರಿಂದ 14 ವರ್ಷದ ಮಕ್ಕಳ ಇತಿಹಾಸದ ತಿಳಿವಳಿಕೆಯನ್ನು ಅಧ್ಯಯನ ಮಾಡಿದ ಪೀಟರ್ ಲೀ ಮತ್ತು ರೋಸಲಿನ್ ಆಶ್ಬಿ ಇದನ್ನು ಗುರುತಿಸಿದ್ದಾರೆ. ಫೋನಿಲ್ಲದವರು, ಕರೆಂಟಿಲ್ಲದವರು ಪಾಪ, ಅವರಿಗೇನು ಗೊತ್ತಿತ್ತು ಎಂಬ ದನಿ ಇಲ್ಲಿಯೂ ಅಪರೂಪವಲ್ಲ. ಇದಕ್ಕೆ ಮದ್ದು ಕೆರೆ. ವಿಜಯನಗರದ ರಾಜಕುಮಾರ ಭಾಸ್ಕರ ಈಗಿನ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಶಾಸನ ಒಂದು ಎಂಜಿನಿಯರಿಂಗ್ ಕೈಪಿಡಿಯಂತಿದೆ. ದಿನವೂ 1,000 ಆಳು, ಕಲ್ಲು ಸಾಗಿಸಲು 100 ಗಾಡಿ, 2 ವರ್ಷದ ಕೆಲಸ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ, ಇರಬಾರದ ಆರು ದೋಷಗಳನ್ನೂ ಅದು ಹೇಳುತ್ತದೆ. ಏರಿ ಸೋರುವುದು, ಮಣ್ಣು ಚೌಳಾಗಿರುವುದು, ನೀರು ಕಡಿಮೆಯಿದ್ದು ಜಾಗ ಹೆಚ್ಚಿರುವುದು ಇಂಥವು ದೋಷಗಳು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ಒಂದು ದೋಷ. ಇದು ದೋಷ ಹೇಗೆ ಎಂದು ಕಾವೇರಿಯ ಸುದ್ದಿ ಕೇಳಿ ಬೆಳೆದ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. ಮಕ್ಕಳಿಗೆ ಮೊದಲು ಶಾಸನ ತೋರಿಸದೆ, ಊರಿನ ನಕಾಶೆ ಕೊಟ್ಟು ಕೆರೆಗೆ ಜಾಗ ಆರಿಸಿ, ಏನೇನು ಬೇಕೆಂದು ಪಟ್ಟಿ ಮಾಡಿ ಎಂದು ಹೇಳಬೇಕು. ತಮ್ಮ ಪಟ್ಟಿಯನ್ನು 1369ರ ಪಟ್ಟಿಯೊಡನೆ ಹೋಲಿಸಿದಾಗ ಯಾರ ಪಟ್ಟಿ ಉದ್ದ ಎಂಬುದು ತಾನೇ ಕಾಣುತ್ತದೆ. ಆಮೇಲೆ ಊರಿನ ಕೆರೆಗೆ ಹೋಗಿ ತೂಬು, ಕೋಡಿಗಳನ್ನು ಗುರುತಿಸಿ, ಹೂಳು ತೆಗೆಯುವ ಹೊಣೆ ಯಾರದಾಗಿತ್ತು ಎಂದು ಹಿರಿಯರನ್ನು ಕೇಳಬಹುದು. ಕೆರೆ ಕಟ್ಟಿದವರಿಗೂ ನೋಡಿಕೊಳ್ಳುವವರಿಗೂ ಭೂಮಿ ಬಿಡುತ್ತಿದ್ದುದಕ್ಕೆ ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಮಾತುಗಳು ಶಾಸನಗಳಲ್ಲಿ ಬರುತ್ತವೆ.

ಹಿರಿಯರನ್ನು ಕೇಳುವುದಕ್ಕೂ ತಯಾರಿ ಬೇಕು. ‘ನಿಮ್ಮ ಕಾಲದ ಬಗ್ಗೆ ಹೇಳಿ ಅಜ್ಜಿ’ ಎಂದರೆ ಎಲ್ಲವೂ ಚೆನ್ನಾಗಿತ್ತು ಎಂಬಷ್ಟೇ ಉತ್ತರ ಸಿಗುತ್ತದೆ. ಮನೆಗೆ ಕರೆಂಟು ಬಂದ ದಿನ ಮೊದಲು ಯಾವ ಕೋಣೆಗೆ ದೀಪ ಹಾಕಿದರು, ಶಾಲೆ ಬಿಟ್ಟದ್ದು ಯಾವ ತರಗತಿಗೆ, ಬಿಡಿಸಿದ್ದು ಯಾರು ಎಂಬಂಥ ಚಿಕ್ಕ, ಚುರುಕಾದ ಪ್ರಶ್ನೆಗಳಿಗೆ ಕಥೆ ಹೊರಡುತ್ತದೆ. ಅಜ್ಜಿ ಹೇಳಿದ ವರ್ಷವನ್ನು ಬೇರೊಂದು ಆಧಾರದಿಂದ ತಾಳೆ ನೋಡುವುದನ್ನೂ ಕಲಿಸಬೇಕು. ನೆನಪು ಸುಳ್ಳು ಹೇಳುವುದಿಲ್ಲ, ಆದರೆ ಇಸವಿಗಳನ್ನು ಅತ್ತಿತ್ತ ಸರಿಸುತ್ತದೆ.

ಇದಕ್ಕೆಲ್ಲ ಸಮಯ ಎಲ್ಲಿದೆ ಎಂಬ ಶಿಕ್ಷಕರ ಆಕ್ಷೇಪ ನ್ಯಾಯವಾದದ್ದೇ. ನಲವತ್ತು ನಿಮಿಷದ ಪೀರಿಯಡ್, ಐವತ್ತು ಮಕ್ಕಳು, ತಿಂಗಳೊಳಗೆ ಮುಗಿಸಬೇಕಾದ ಪಾಠಗಳು. ಪ್ರತಿ ಪಾಠಕ್ಕೂ ಚಟುವಟಿಕೆ ಮಾಡಹೊರಟರೆ ಯಾವುದೂ ಆಗುವುದಿಲ್ಲ. ವರ್ಷಕ್ಕೆ ನಾಲ್ಕೈದು ಪಾಠಗಳನ್ನು ಆರಿಸಿ ಅವುಗಳಲ್ಲಿ ಆಳಕ್ಕೆ ಇಳಿದು, ಉಳಿದವನ್ನು ಕಥೆಯಾಗಿ ಚೆನ್ನಾಗಿ ಹೇಳಿ ಮುಗಿಸುವುದು ನಡೆಯುವ ದಾರಿ. ಚೆನ್ನಾಗಿ ಹೇಳಿದ ಕಥೆಯನ್ನು ಕೀಳು ಮಾಡಬೇಕಿಲ್ಲ, ಬಾಯಿಪಾಠವನ್ನೂ ಪೂರ್ತಿ ಬಿಡಬೇಕಿಲ್ಲ. ಹತ್ತು ಹದಿನೈದು ಇಸವಿಗಳು ನಾಲಿಗೆಯ ಮೇಲಿಲ್ಲದವನಿಗೆ ಹಗ್ಗದ ಗಂಟುಗಳೂ ನೆನಪಿರುವುದಿಲ್ಲ. ಪ್ರವಾಸಕ್ಕೂ ಇದೇ ಲೆಕ್ಕ. ಒಂದೇ ದಿನದಲ್ಲಿ ಐದು ಸ್ಥಳ ಮುಟ್ಟಿ ಬರುವ ಬಸ್ಸಿಗಿಂತ, ಹಂಪಿಗೆ ಹೋದವರು ಕಮಲಾಪುರದ ವಸ್ತುಸಂಗ್ರಹಾಲಯದ ಅಂಗಳದಲ್ಲಿರುವ ಹಂಪಿಯ ಮಾದರಿಯ ಸುತ್ತ ಅರ್ಧ ಗಂಟೆ ನಿಂತು, ಹೊಳೆ ಎಲ್ಲಿದೆ, ಗುಡ್ಡ ಎಲ್ಲಿದೆ, ಶತ್ರು ಎಲ್ಲಿಂದ ಬರಬೇಕಿತ್ತು ಎಂದು ನೋಡಿ ಆಮೇಲೆ ನಡೆಯುವುದು ಹೆಚ್ಚು ಫಲ ಕೊಡುತ್ತದೆ.

ಪರೀಕ್ಷೆ ಬದಲಾಗದಿದ್ದರೆ ಇದ್ಯಾವುದೂ ನಿಲ್ಲದು. ವರ್ಷವಿಡೀ ಕಲ್ಲು ಓದಿಸಿ, ಕೊನೆಗೆ ಹೊಂದಿಸಿ ಬರೆಯಿರಿ ಎಂದರೆ ಮಕ್ಕಳು ಯಾವುದನ್ನು ಕಲಿಯಬೇಕೆಂದು ಬೇಗ ಅರ್ಥ ಮಾಡಿಕೊಳ್ಳುತ್ತಾರೆ. ಶಾಲೆಯೊಳಗಿನ ಕಿರುಪರೀಕ್ಷೆಗಳಲ್ಲಾದರೂ ಪ್ರಶ್ನೆಯ ರೂಪ ಬದಲಿಸಲು ಶಿಕ್ಷಕರಿಗೆ ಅವಕಾಶವಿದೆ. ಮಕ್ಕಳು ಹಿಂದೆಂದೂ ನೋಡಿರದ ವೀರಗಲ್ಲಿನ ಚಿತ್ರ ಕೊಟ್ಟು ಮೂರು ಪ್ರಶ್ನೆ ಕೇಳಬಹುದು. ಕೆಳಗಿನ ಪಟ್ಟಿಕೆಯಲ್ಲಿ ಏನು ಕಾಣುತ್ತದೆ? ಅದರಿಂದ ಈ ವೀರ ಹೇಗೆ ಸತ್ತಿರಬಹುದು? ಈ ಕಲ್ಲಿನಿಂದ ತಿಳಿಯದೇ ಇರುವ ಎರಡು ಸಂಗತಿ ಯಾವುವು? ಮೂರನೆಯದಕ್ಕೆ ಗೈಡಿನಲ್ಲಿ ಉತ್ತರವಿರುವುದಿಲ್ಲ. ಅವನ ಹೆಸರು ಎಂದು ಹೆಚ್ಚಿನವರು ಬರೆಯುತ್ತಾರೆ, ಅದಕ್ಕೆ ಅಂಕ ಕೊಡಬೇಕು. ಕಲ್ಲು ನಿಲ್ಲಿಸಲು ದುಡ್ಡು ಕೊಟ್ಟವರು ಯಾರು ಎಂದು ಯಾರಾದರೂ ಬರೆದರೆ ಅದಕ್ಕೂ ಕೊಡಬೇಕು.